ಕೆಂಪು ವಲ್ಲಿ ಯಾರ ಹೆಗಲಿಗೆ

ನನ್ನ ಕೊರಳಿಗೆ ಬಿದ್ದ ಮೊದಲ ಹಾರ ನಾನು ನೀರಿನಲ್ಲಿ ಮುಳುಗಿದ್ದಕ್ಕೆ ಬಿದ್ದದ್ದು. ಊರಿನವರಿಗೆ ಅದು ಗೊತ್ತಿರಲಿಲ್ಲ. ನಾನು ಯಾರನ್ನೋ ಉಳಿಸಿದೆ ಎಂದುಕೊಂಡು ಅವರು ಹಾಕಿದರು, ನಾನು ಬೇಡ ಅನ್ನದೆ ಕತ್ತು ಬಗ್ಗಿಸಿದೆ. ಬಗ್ಗಿಸಿದ ಕತ್ತನ್ನು ಮತ್ತೆ ನೆಟ್ಟಗೆ ಮಾಡಿಕೊಳ್ಳುವುದಕ್ಕೆ ನಾನು ಪಟ್ಟ ಪಾಡನ್ನು ಹೇಳುತ್ತೇನೆ, ಕೇಳಿ.

ನಾನು ಬಣ್ಣದ ಚಿಕ್ಕರಂಗ. ನಮ್ಮೂರಿನವರು ಹೆಗಲಿಗೆ ಹೊದೆಯುವ ಕೆಂಪು ವಲ್ಲಿಗಳಿಗೆಲ್ಲ ಬಣ್ಣ ಹಾಕುವವನು ನಾನೇ, ನನಗಿಂತ ಮೊದಲು ನಮ್ಮಪ್ಪ. ನಮ್ಮಲ್ಲಿ ಯಾರೇ ಆಗಲಿ, ಇನ್ನೊಬ್ಬರಿಗೋ ಇನ್ನೊಂದಕ್ಕೋ ಏನಾದರೂ ಮಾಡಬೇಕಾದರೆ ಮಾಡುವವರ ಹೆಗಲ ಮೇಲೆ ಕೆಂಪು ವಲ್ಲಿ ಇರಬೇಕು. ಸುಮ್ಮನೆ ಕೂರುವುದಕ್ಕೆ, ನಡೆಯುವುದಕ್ಕೆ, ಅಳುವುದಕ್ಕೆ, ಸೀನುವುದಕ್ಕೆ ಬೇಡ. ಮರ ಕಡಿಯುವುದಕ್ಕೆ, ಮಗುವಿಗೆ ಉಣ್ಣಿಸುವುದಕ್ಕೆ, ಬಾಗಿಲು ಹಾಕುವುದಕ್ಕೆ ಬೇಕು. ವಲ್ಲಿ ಇಲ್ಲದೆ ಮಾಡಿದ್ದು ನಿಲ್ಲುವುದಿಲ್ಲ. ನೆರಳು ಒಂದು ಗೇಣು ಸರಿಯುವಷ್ಟರಲ್ಲಿ ಕಡಿದ ಮರ ಮತ್ತೆ ನಿಂತಿರುತ್ತದೆ, ಉಂಡ ಹೊಟ್ಟೆ ಮತ್ತೆ ಹಸಿದಿರುತ್ತದೆ, ಕತ್ತರಿಸಿದ ಕೂದಲು ಹಣೆಯ ಮೇಲೆ ಬಂದು ಕೂತಿರುತ್ತದೆ.

ಇದರಿಂದ ಕಷ್ಟವಿಲ್ಲ ಅಂತಲ್ಲ, ಆದರೆ ಹೊಂದಿಕೊಂಡಿದ್ದೇವೆ. ಕ್ಷೌರದವನು ನಿದ್ದೆಯಲ್ಲೂ ವಲ್ಲಿ ತೆಗೆಯುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಒಂದು ದಿನ ವಲ್ಲಿ ಮರೆತು ಬಂದು ಹನ್ನೆರಡರ ಮಗ್ಗಿ ಕಲಿಸಿದ್ದರು, ಆ ಮಕ್ಕಳು ಊಟದ ಗಂಟೆ ಹೊಡೆಯುವಷ್ಟರಲ್ಲಿ ಹನ್ನೊಂದಕ್ಕೆ ವಾಪಸ್ ಬಂದಿದ್ದವು. ಸಿಟ್ಟಿನ ವಿಷಯದಲ್ಲಂತೂ ಇದು ಉಪಕಾರವೇ. ನನ್ನ ಹೆಂಡತಿ ತಾಯಮ್ಮ ಜಗಳದ ವಾಸನೆ ಬಡಿದ ಕೂಡಲೇ ನನ್ನ ವಲ್ಲಿಯನ್ನು ಅಟ್ಟದ ಮೇಲೆ ಎಸೆಯುತ್ತಾಳೆ. ನಾನು ಏಣಿ ತಂದು ಹತ್ತಿ ಇಳಿಯುವಷ್ಟರಲ್ಲಿ ಯಾಕೆ ಬೈಯಬೇಕು ಅಂತಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ.

ನಮ್ಮ ಹೊಳೆಗೆ ಆಚೆ ದಡ ಕಾಣುವುದಿಲ್ಲ, ಅಷ್ಟು ಅಗಲ. ನಮ್ಮೂರಿನಿಂದ ನೀರು ಹರಿದತ್ತ ಒಂದು ದಿನ ಹೋದರೆ ಕೆಳಗಿನೂರು. ಅವರೂ ನಮ್ಮವರೇ, ಒಬ್ಬಳೇ ತಾಯಿ ಹೊಳೆಯಿಂದ ಎತ್ತಿ ಸಾಕಿದ ಮಕ್ಕಳು ಬೇರೆಯಾಗಿ ಕಟ್ಟಿದ ಊರುಗಳಂತೆ. ವಲ್ಲಿ ಅವರಲ್ಲೂ ಇದೆ. ಆದರೆ ಮಾಡುವವರಿಗಲ್ಲ, ಮಾಡಿಸಿಕೊಳ್ಳುವವರಿಗೆ. ಆಡಿನ ಹಾಲು ಕರೆಯಬೇಕಾದರೆ ಆಡಿಗೆ ಹೊದಿಸುತ್ತಾರೆ. ಕಲ್ಲಿಗೆ, ಕಟ್ಟಿಗೆಗೆ ಬೇಡವಂತೆ, ಉಸಿರಾಡುವುದಕ್ಕೆ ಮಾತ್ರ. ಅಲ್ಲಿಯ ಜಗಳವನ್ನು ನಾನೇ ಒಮ್ಮೆ ನೋಡಿದ್ದೇನೆ. ಒಬ್ಬ ಇನ್ನೊಬ್ಬನ ಹಿಂದೆ ವಲ್ಲಿ ಹಿಡಿದು ಓಡುತ್ತಿದ್ದ. "ಏ, ನಿಂದ್ರಲೇ, ಇದನ್ನ ಒಂದೀಟು ಹೊದ್ಕೋ, ನಿನಗ ಬೈಯೂದೈತಿ!" ಎಂದು ಕೂಗುತ್ತಿದ್ದ. ಅವನು ಹೊದೆಯಲಿಲ್ಲ, ಇವನು ಬೈಯಲಿಲ್ಲ. ಒಬ್ಬರ ಕಟ್ಟಳೆ ಇನ್ನೊಬ್ಬರಿಗೆ ಹತ್ತುವುದಿಲ್ಲ. ಹುಟ್ಟಿದೂರಿನ ಕಟ್ಟಳೆ ಕೈಯಲ್ಲೇ ಇರುತ್ತದೆ, ಊರು ಬಿಟ್ಟು ಹೋದರೂ ಕೈ ಬಿಡುವುದಿಲ್ಲ.

ನೀರು ಬರುವ ಕಡೆ ಮೇಲಿನೂರು, ಅದೇ ತಾಯಿಯ ಮಕ್ಕಳ ಮೂರನೆಯ ಊರು. ಅಲ್ಲಿಯದನ್ನು ಯಾರೂ ಪೂರ್ತಿ ಅರ್ಥ ಮಾಡಿಕೊಂಡವರಿಲ್ಲ. ಕೆಲಸ ಮುಗಿಯುವವರೆಗೆ ಒಬ್ಬರ ಹೆಗಲಲ್ಲಿ, ಮುಗಿದ ಮೇಲೆ ಇನ್ನೊಬ್ಬರ ಹೆಗಲಲ್ಲಿ ಅನ್ನುತ್ತಾರೆ. ನಮ್ಮಜ್ಜಿ ಅಲ್ಲಿಂದ ಬಂದವಳು. ಅವಳು ನನಗೆ ಮರಗೆಣಸು ಬೇಯಿಸಿ ತಿನ್ನಿಸುವಾಗ ವಲ್ಲಿಯನ್ನು ಮುಟ್ಟುತ್ತಲೇ ಇರಲಿಲ್ಲ, ಆದರೂ ನನ್ನ ಹೊಟ್ಟೆ ಸಂಜೆಯವರೆಗೆ ತುಂಬಿರುತ್ತಿತ್ತು. ಅಮ್ಮ ಒಲೆಯ ಕಡೆ ನೋಡಿಕೊಂಡು ಬಡಿಸಿ, ವಲ್ಲಿ ಮರೆತರೆ, ನಾನು ಕೈ ತೊಳೆಯುವಷ್ಟರಲ್ಲಿ ಹಸಿವು. "ಅಜ್ಜಿ, ನೀನು ಮೋಸ ಮಾಡ್ತೀಯ," ಎಂದು ಒಮ್ಮೆ ಅಂದೆ. ಅಜ್ಜಿ ನನ್ನ ಗಲ್ಲ ಹಿಡಿದು ಎತ್ತಿದಳು. "ನಾನು ನಿನ್ನ ಮಕ ನೋಡ್ತಾ ಇವ್ನಿ, ನೀನು ನನ್ನ ಮಕ ನೋಡ್ತಾ ಇದ್ದೀಯ. ನಾನು, ನೀನು. ಇದ್ರಾಗೆ ಯಾರು ಯಾರಿಗೆ ಉಣ್ಸಿದ್ರು ಅನ್ನೋಕೆ ಗುರ್ತು ಯಾಕ್ಲಾ ಬೇಕು? ಗುರ್ತು ಬೇಕಾಗಿರೋದು ನೋಡೋ ಊರಿಗೆ," ಅಂದಳು. ಮುದುಕಿಯ ಮಾತು ಎಂದು ಬಿಟ್ಟುಬಿಟ್ಟೆ.

ಹೋದ ವರ್ಷ ದೂರದ ಯಾವುದೋ ದೊಡ್ಡ ಊರಿನಿಂದ ಒಬ್ಬ ಪಂಡಿತರು ಬಂದಿದ್ದರು. ಮೂರೂ ಊರಿನ ಮಾತು ಒಂದೇ ಬಳ್ಳಿಯ ಕಾಯಿ ಎಂದು ನಮಗೇ ಹೇಳಿಕೊಟ್ಟರು. ನಾವು ಮಾತಾಡುವಾಗ ಕೆಲಸ ಮಾಡಿದವನ ಹೆಸರಿಗೆ ಒಂದು ಬಾಲ ಹಚ್ಚುತ್ತೇವಂತೆ, ಕೆಳಗಿನೂರಿನವರು ಕೆಲಸ ಯಾರ ಮೇಲೆ ಬಿತ್ತೋ ಅವನ ಹೆಸರಿಗೆ ಹಚ್ಚುತ್ತಾರಂತೆ, ಮೇಲಿನೂರಿನವರು ಹೊತ್ತಿಗೊಂದು ಥರವಂತೆ. ಇದು ನಮ್ಮ ವಲ್ಲಿಯ ಸಮಾಚಾರವೇ ಆಯಿತಲ್ಲ ಸ್ವಾಮಿ ಅಂದೆ. ಅವರು ಒಂದು ಚಿತ್ರ ಬರೆದು ತೋರಿಸಿದರು. ಇಬ್ಬರು ಗಂಡಸರು, ಕೈ ಕೈ ಹಿಡಿದಿದ್ದಾರೆ, ಒಬ್ಬನ ಹೆಗಲ ಮೇಲೆ ಮಾತ್ರ ವಲ್ಲಿ. ನಮ್ಮವರೆಲ್ಲ "ವಲ್ಲಿಯೋನು ಎಳೀತಾವ್ನೆ" ಅಂದರು. ಅಲ್ಲೇ ಉಪ್ಪಿಗೆ ಬಂದಿದ್ದ ಕೆಳಗಿನೂರಿನವರು "ವಲ್ಲಿಯಾಂವನ್ನ ಎಳ್ಯಾಕತ್ತಾರ" ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಂಡಿತರು ಮಾತ್ರ ನಗಲಿಲ್ಲ, ಬಾಲ ಮೊದಲೋ ವಲ್ಲಿ ಮೊದಲೋ ಎಂದು ಮೂರು ದಿನ ಯೋಚಿಸಿ, ಜ್ವರ ಹತ್ತಿಸಿಕೊಂಡು ಹೊರಟುಹೋದರು.

ಅವರನ್ನು ದಾಟಿಸಿದವಳು ಸಾತವ್ವ. ನಮ್ಮ ಕಡವಿನ ದೋಣಿ ಅವಳದು. ಕೆಳಗಿನೂರಿನ ಹೆಂಗಸು, ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಹುಟ್ಟು ಹಾಕುತ್ತಿದ್ದಾಳೆ. ಕಡವಿನ ಮೇಲಿನ ಗುಡಿಸಲು ಹುಟ್ಟು ಯಾರ ಕೈಯಲ್ಲಿರುತ್ತದೋ ಅವರಿಗೆ. ಹುಟ್ಟು ಹೋದರೆ ಗುಡಿಸಲೂ ಹೋಯಿತು, ಅವಳಿಗೆ ಬೇರೆ ನೆಲೆಯಿಲ್ಲ. ಬಣ್ಣದ ಬೇರು ಸಿಗುವುದು ಆಚೆ ದಡದಲ್ಲಾದ್ದರಿಂದ ತಿಂಗಳಿಗೆರಡು ಸಲ ನಾನು ಅವಳ ದೋಣಿ ಹತ್ತುತ್ತೇನೆ. ನನಗೆ ಈಜು ಬರುವುದಿಲ್ಲ. ಹೊಳೆ ದಂಡೆಯಲ್ಲಿ ಹುಟ್ಟಿ ಈಜು ಬರದವನು ನಮ್ಮೂರಲ್ಲಿ ನಾನೊಬ್ಬನೇ, ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಆವತ್ತು ಬೇರಿನ ಮೂಟೆ ಹಾಕಿಕೊಂಡು ವಾಪಸ್ ಬರುತ್ತಿದ್ದೆವು, ಕಡವು ಹತ್ತಿರ ಬಂದಿತ್ತು. ಸಾತವ್ವನ ಸೊಂಟಕ್ಕೆ ಸುತ್ತಿದ್ದ ವಲ್ಲಿಯ ಅಂಚು ಬಣ್ಣಗೆಟ್ಟಿತ್ತು. ಬೇರೆ ಯಾರೋ ಹಾಕಿದ ಬಣ್ಣ. ನನಗೆ ತಡೆಯಲಾಗಲಿಲ್ಲ, ಒಳ್ಳೆ ಕೆಂಪು ಹೇಗಿರಬೇಕು ಎಂದು ತೋರಿಸಲು ನನ್ನ ವಲ್ಲಿಯನ್ನು ಹೆಗಲಿನಿಂದ ತೆಗೆದು ಮೂಟೆಯ ಮೇಲೆ ಹರಡಿ ಎದ್ದು ನಿಂತೆ.

"ಕುಂದರ್ರಿ ರಂಗಣ್ಣ. ದೋಣಿ ಅಳ್ಳಾಡತೈತಿ," ಅಂದಳು.

"ನೋಡು ಮೊದ್ಲು. ಬಿಸ್ಲಲ್ಲಿ ಹಿಡಿದ್ರೆ ಗೊತ್ತಾಗೋದು," ಅಂದೆ. ಅಷ್ಟೇ. ಮುಂದಿನ ಮಾತು ನೀರಿನ ಒಳಗೆ ಆಡಿದೆ.

ಮುಳುಗುವವನಿಗೆ ಹಳೆಯದೆಲ್ಲ ನೆನಪಾಗುತ್ತದೆ ಅನ್ನುತ್ತಾರೆ, ನನಗೆ ಏನೂ ನೆನಪಾಗಲಿಲ್ಲ. ಹೆದರಿಕೆ ಒಂದೇ. ಆಮೇಲೆ ಯಾರೋ ನನ್ನ ಕತ್ತಿಗೆ ಬಟ್ಟೆ ಸುತ್ತಿದರು, ನೇಣು ಹಾಕುತ್ತಿದ್ದಾರೆ ಎಂದುಕೊಂಡೆ. ನೀರಿಗೆ ಹಾರಿದ ಸಾತವ್ವ ತನ್ನ ಸೊಂಟದ ವಲ್ಲಿ ಬಿಚ್ಚಿ ನನಗೆ ಹೊದಿಸಿ, ಆಮೇಲೆ ಕೈ ಹಿಡಿದು ಎಳೆದಳು. ಅವಳೂರಿನ ಕಟ್ಟಳೆ ಹಾಗೆ, ಉಳಿಸಿಕೊಳ್ಳುವವನಿಗೆ ಹೊದಿಸದೆ ಉಳಿಸಿದರೆ ಗೇಣು ನೆರಳಿನಲ್ಲಿ ಅವನು ಮತ್ತೆ ನೀರಿನಲ್ಲೇ ಇರುತ್ತಾನೆ. ಕಡವಿನ ಮೆಟ್ಟಿಲಿಗೆ ಬಂದು ಬಿದ್ದಾಗ ನನ್ನ ಮೈಮೇಲೆ ಕೆಂಪು ವಲ್ಲಿ ಇತ್ತು. ಅವಳ ಮೈಮೇಲೆ ಏನೂ ಇರಲಿಲ್ಲ, ಉಟ್ಟ ಸೀರೆಯ ಹೊರತು.

ನಮ್ಮೂರಿನವರು ನೋಡಿದ್ದು ಅಷ್ಟೇ. ವಲ್ಲಿ ಇರುವವನು ಮಾಡಿದವನು. "ಲೋ ರಂಗ! ಏನ್ಲಾ ನಿನ್ನ ಗುಂಡಿಗೆ!" ಎಂದು ಯಜಮಾನ ಕೆಂಪಸಿದ್ದಯ್ಯನವರೇ ಮೆಟ್ಟಿಲಿಳಿದು ಬಂದರು. ಸಂತೆಗೆ ಬಂದಿದ್ದ ಕೆಳಗಿನೂರಿನ ನಾಲ್ಕು ಜನ, ಸಾತವ್ವ ರಂಗನ್ನ ಉಳಿಸ್ಯಾಳ, ಕಣ್ಣಾರೆ ನೋಡೇವಿ ಎಂದು ಆಣೆ ಮಾಡಿದರು. ನಮ್ಮವರೂ ಕಣ್ಣಾರೆ ನೋಡಿದ್ದರು, ಅವರೂ ಆಣೆ ಮಾಡಿದರು. ಎರಡು ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಹೊಟ್ಟೆಯಲ್ಲಿದ್ದ ನೀರು ಕಕ್ಕುತ್ತಿದ್ದೆ, ಮಾತಾಡುವ ಹಾಗಿರಲಿಲ್ಲ. ಮಾತಾಡುವ ಹಾಗಾದಾಗ ಹಾರ ಬಂದಿತ್ತು.

ನಿಜ ಹೇಳಿಬಿಡುತ್ತೇನೆ. ನನಗೆ ಖುಷಿಯಾಯಿತು. ಬಣ್ಣ ಹಾಕುವವನನ್ನು ಯಾರು ಹೊಗಳುತ್ತಾರೆ? ಬಣ್ಣ ನಿಂತರೆ ಬಟ್ಟೆ ಒಳ್ಳೆಯದು, ಬಣ್ಣ ಹೋದರೆ ರಂಗ ಕೆಟ್ಟವನು. ನಲವತ್ತಾರು ವರ್ಷಕ್ಕೆ ಮೊದಲ ಸಲ ಜನ ನನ್ನ ಮುಖ ನೋಡಿ ಬಾಯಿತುಂಬ ಒಳ್ಳೆ ಮಾತಾಡಿದರು, ನಾನು ಅದನ್ನು ಕುಡಿದುಬಿಟ್ಟೆ. ಮನೆಯಲ್ಲಿ ತಾಯಮ್ಮ ಹಾರವನ್ನು ಗೂಟಕ್ಕೆ ಹಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಬಚ್ಚಲ ಹಂಡೆಗೆ ಬಗ್ಗೋಕೆ ಹೆದರೋನು ನೀನು. ಹೊಳೆಗೆ ಹಾರಿ ಸಾತವ್ವನ್ನ ಎತ್ಕೊಂಡ್ ಬಂದ್ಯಾ?"

"ಊರೆಲ್ಲ ನೋಡಿಲ್ವೇನೆ?" ಅಂದೆ.

"ಊರು ವಲ್ಲಿ ನೋಡ್ತು. ನಾನು ನಿನ್ನ ನೋಡಿವ್ನಿ ಇಪ್ಪತ್ತು ವರ್ಸ," ಎಂದು ಒಳಗೆ ಹೋದಳು.

ಹಾರ ಬಾಡುವ ಮೊದಲೇ ಹೊಸ ಸುದ್ದಿ ಬಂತು. ಕಡವಿಗೆ ಹಳೆಯ ಕಟ್ಟಳೆಯೊಂದಿದೆ, ಇನ್ನೊಬ್ಬರು ನೀರಿನಿಂದ ಎತ್ತಬೇಕಾಗಿ ಬಂದವರು ಹುಟ್ಟು ಹಿಡಿಯುವಂತಿಲ್ಲ. ತಮ್ಮನ್ನೇ ಕಾಪಾಡಿಕೊಳ್ಳದವರ ದೋಣಿಗೆ ಜನ ಹೇಗೆ ಹತ್ತುವುದು ಅಂತ. ಸೋಮವಾರ ಬೆಳಿಗ್ಗೆ ಸಾತವ್ವ ಹುಟ್ಟು ಬಿಡಬೇಕು, ಅವಳನ್ನು ಉಳಿಸಿದ ಧೀರನಿಗೆ ಕೊಡಬೇಕು ಎಂದು ಯಜಮಾನರು ತೀರ್ಮಾನ ಮಾಡಿದ್ದರು. ಧೀರ ಅಂದರೆ ನಾನು. ಕೆಳಗಿನೂರಿನವರ ಮಾತನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ, ಅವರು ಎಲ್ಲವನ್ನೂ ತಲೆಕೆಳಗೆ ಹೇಳುವವರು ಎಂಬುದು ನಮ್ಮಲ್ಲಿ ಮೊದಲಿನಿಂದ ಇರುವ ಮಾತು.

ಶನಿವಾರ ಮಧ್ಯಾಹ್ನ ಸಾತವ್ವ ನನ್ನ ಬಣ್ಣದ ಬಾನಿಯ ಹತ್ತಿರ ಬಂದಳು. ಬೈಯಲು ಬಂದಳೆಂದು ಹೆದರಿದೆ. ನನ್ನ ಹೆಗಲಿಗೆ ಹೊದಿಸಲು ವಲ್ಲಿ ಬೇರೆ ಕೈಯಲ್ಲೇ ಇತ್ತು. ಆದರೆ ಅವಳು ಅದನ್ನು ಬಾನಿಯ ಅಂಚಿನ ಮೇಲೆ ಇಟ್ಟಳು.

"ಬಣ್ಣ ಬಿಟ್ಟೈತ್ರಿ. ಒಂದ್ಸಲ ಅದ್ದಿ ಕೊಡ್ರಿ. ತವರಿಗೆ ಹೋಗೂ ಮುಂದ ಹಳೇ ವಲ್ಲಿ ಚಂದ ಕಾಣೂದಿಲ್ಲ."

"ತವರಲ್ಲಿ ಯಾರವ್ರೆ?"

"ಯಾರಿಲ್ಲ. ಊರೈತಿ," ಅಂದಳು. ಆಮೇಲೆ ನನ್ನ ಕತ್ತಿನ ಕಡೆ ನೋಡಿದಳು. "ಬಿಟ್ಟ ಬಣ್ಣ ನಿಮ್ಮ ಕೊಳ್ಳಿಗೆ ಹತ್ತೇತಿ ನೋಡ್ರಿ. ತಿಕ್ಕಿ ತೊಳೀರಿ, ಹೋಗತೈತಿ."

ಅವಳು ಹೋದ ಮೇಲೆ ಬಾನಿಯ ನೀರಿನಲ್ಲಿ ನೋಡಿಕೊಂಡೆ. ಕತ್ತಿನ ಸುತ್ತ ಕೆಂಪು ಗೆರೆ ಇತ್ತು. ಸೀಗೆಪುಡಿ ಹಾಕಿ ತಿಕ್ಕಿದೆ, ಇಟ್ಟಿಗೆ ಚೂರಿನಿಂದ ಉಜ್ಜಿದೆ, ಹೋಗಲಿಲ್ಲ. ನನಗೆ ನಾಚಿಕೆಯಾಯಿತು, ಎಷ್ಟು ನಾಚಿಕೆಯೆಂದರೆ ಬಾನಿಯ ಹಿಂದೆ ಕೂತು ಅತ್ತೆ. ಅಳುವುದಕ್ಕೆ ವಲ್ಲಿ ಬೇಕಿಲ್ಲವಲ್ಲ, ಸಾಕಾಗುವಷ್ಟು ಅತ್ತೆ. ಸಂಜೆ ನೇರವಾಗಿ ಯಜಮಾನರ ಜಗಲಿಗೆ ಹೋದೆ.

"ಯಜಮಾನ್ರೇ, ಅವತ್ತು ಉಳ್ಸಿದ್ದು ನಾನಲ್ಲ. ಸಾತವ್ವ. ನಂಗೆ ಈಜೇ ಬರಾಕಿಲ್ಲ."

ಯಜಮಾನರು ನನ್ನನ್ನೇ ದಿಟ್ಟಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಜಗಲಿಯ ಮೇಲಿದ್ದವರ ಕಡೆ ತಿರುಗಿ, "ನೋಡಿದ್ರೇನ್ರಪ್ಪಾ! ಉಳ್ಸಿದ್ದೂ ಅಲ್ದೆ, ಹೆಸ್ರು ಬ್ಯಾರೆಯೋರ್ಗೆ ಕೊಡ್ತಾವ್ನೆ! ಈಜೂ ಬರ್ದೇ ಹಾರವ್ನಂತೆ!" ಅಂದರು. ಅಲ್ಲಾ ಸ್ವಾಮಿ, ಕೇಳಿ ಅಂದೆ. ನಾನು ಬಾಯಿ ಬಿಟ್ಟಷ್ಟೂ ದೊಡ್ಡವನಾದೆ. ಕೊನೆಗೆ ಎರಡನೆಯ ಹಾರ ಹಾಕಿಸಿಕೊಂಡು, ಮೊದಲಿಗಿಂತ ಭಾರವಾದದ್ದು, ಮನೆಗೆ ಬಂದೆ. ತಾಯಮ್ಮ ಅದನ್ನೂ ಗೂಟಕ್ಕೆ ಹಾಕಿ, ಇನ್ನೊಂದು ಗೂಟ ಬೇಕಾಗಬಹುದು ಅಂದಳು.

ಸೋಮವಾರ ಬೆಳಿಗ್ಗೆ ಊರೆಲ್ಲ ಕಡವಿನಲ್ಲಿತ್ತು. ಕೆಳಗಿನೂರಿನವರೂ ಎರಡು ದೋಣಿಯಲ್ಲಿ ಬಂದು ಸಾತವ್ವನನ್ನು ಕರೆದುಕೊಂಡು ಹೋಗಲು ನಿಂತಿದ್ದರು. ಅವಳ ಗಂಟು ಮೆಟ್ಟಿಲ ಮೇಲಿತ್ತು, ಸಣ್ಣ ಗಂಟು. ವಲ್ಲಿ ಮಾತ್ರ ಇರಲಿಲ್ಲ, ಅದು ಇನ್ನೂ ನನ್ನ ಬಾನಿಯಲ್ಲೇ ನೆನೆಯುತ್ತಿತ್ತು. ಯಜಮಾನರು ತಮ್ಮ ವಲ್ಲಿ ಸರಿಮಾಡಿಕೊಂಡು ಅವಳ ಕೈಯಿಂದ ಹುಟ್ಟು ತೆಗೆದುಕೊಂಡರು. "ವಲ್ಲಿ ಹೊದ್ಕೊಂಡು ಈಸ್ಕೊಳ್ಳಪ್ಪ," ಎಂದು ನನ್ನ ಕಡೆ ಚಾಚಿದರು. ಸಾತವ್ವ ಹುಟ್ಟನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಗುಡಿಸಲ ಕಡೆ ನೋಡುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ವಲ್ಲಿಯನ್ನು ತೆಗೆದು ಮೆಟ್ಟಿಲ ಮೇಲೆ ಹಾಕಿ, ಆಳವಿರುವ ಕಡೆ ನೋಡಿ ಹೊಳೆಗೆ ಹಾರಿದೆ. ಮುಳುಗುವುದಕ್ಕೆ ನಮ್ಮೂರಿನಲ್ಲಿ ವಲ್ಲಿ ಬೇಕಿಲ್ಲ, ಅದು ಯಾರಿಗೂ ಮಾಡುವ ಕೆಲಸವಲ್ಲ.

ಅವಳು ಉಳಿಸುವುದನ್ನು ಊರು ಮೊದಲಿನಿಂದ ಕೊನೆಯವರೆಗೆ ನೋಡಲಿ ಎಂಬುದು ನನ್ನ ಉಪಾಯ. ಉಪಾಯದ ತೂತು ನೀರಿಗೆ ಬಿದ್ದ ಮೇಲೆ ಕಂಡಿತು. ಮೊದಲ ಸಲ ಮೇಲೆ ಬಂದಾಗ ಸಾತವ್ವ ನನ್ನ ವಲ್ಲಿ ಹಿಡಿದು ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು. ನಮ್ಮವರು "ನೀನು ಹೊದ್ಕಳವ್ವಾ, ನೀನು!" ಎಂದು ಕೂಗುತ್ತಿದ್ದರು. ಅವಳವರು "ಅವಗ ಹೊದಸ, ಅವಗ!" ಎಂದು ಕೂಗುತ್ತಿದ್ದರು. ಅವಳೇ ಹೊದ್ದರೆ ಅವಳ ಕೈಯ ಕೆಲಸ ನಿಲ್ಲುವುದಿಲ್ಲ, ಗೇಣು ನೆರಳಿನಲ್ಲಿ ನಾನು ಮತ್ತೆ ಹೊಳೆಯಲ್ಲಿ. ನನಗೆ ಹೊದಿಸಿದರೆ ನಾನು ಬದುಕುತ್ತೇನೆ, ಮೂರನೆಯ ಹಾರ ನನಗೇ, ಅವಳು ತವರಿಗೆ. ವಲ್ಲಿ ಅವಳ ಕೈಯಲ್ಲಿ ಅತ್ತಿಂದಿತ್ತ ಆಡಿತು. ನಾನು ಎರಡನೆಯ ಸಲ ಮುಳುಗಿದೆ.

ಆಗ ಅಜ್ಜಿ ನೆನಪಾದಳು. ಗಲ್ಲ ಹಿಡಿದ ಕೈ, ಬೆಂದ ಗೆಣಸಿನ ವಾಸನೆ, ನಾನು, ನೀನು. ಅಜ್ಜಿಯ ಕೈ ಮೇಲಿನೂರಿನದು, ಸಾತವ್ವನದು ಕೆಳಗಿನೂರಿನದು, ಆ ಮಾತು ಇವಳ ಕೈಗೆ ಹತ್ತುತ್ತದೋ ಇಲ್ಲವೋ ಯಾರು ಬಲ್ಲರು? ಆದರೆ ಮೂರೂ ಊರಿಗೆ ತಾಯಿ ಒಬ್ಬಳೇ ಅಲ್ಲವೇ, ಅವಳು ಮಕ್ಕಳನ್ನು ನೀರಿನಿಂದ ಎತ್ತಿದಾಗ ಯಾರ ಹೆಗಲಲ್ಲಿ ಏನಿತ್ತು? ಮೇಲೆ ಬಂದೆ, ಬಾಯಿಗೆ ಬಂದ ನೀರು ಉಗಿದು ಕೂಗಿದೆ.

"ಸಾತವ್ವಾ! ಬಿಸಾಕು ಅದ್ನ! ಅವ್ರನ್ನ ನೋಡ್ಬ್ಯಾಡ, ನನ್ನ ನೋಡು! ನಾನು, ನೀನು! ಅಷ್ಟೇಯ!"

ಅವಳಿಗೆ ಏನು ತಿಳಿಯಿತೋ ಕಾಣೆ. ನನ್ನ ಕಣ್ಣನ್ನೇ ನೋಡಿದಳು. ವಲ್ಲಿಯನ್ನು ಹಿಂದಕ್ಕೆಸೆದು ಹಾರಿದಳು, ನನ್ನ ಜುಟ್ಟು ಹಿಡಿದಳು, ಎಳೆದಳು. ಎಳೆಯುವಾಗಲೂ ಮುಖ ತಿರುಗಿಸಲಿಲ್ಲ. ಮೆಟ್ಟಿಲಿಗೆ ಬಂದು ಇಬ್ಬರೂ ಕೂತೆವು. ಯಾರ ಮೈಮೇಲೂ ಕೆಂಪು ಇರಲಿಲ್ಲ.

ಇಂಥದ್ದನ್ನು ಎರಡೂ ಊರಿನವರು ನೋಡಿರಲಿಲ್ಲ. ಯಜಮಾನರು ತಮ್ಮ ವಲ್ಲಿ ಮುಟ್ಟಿ ನೋಡಿಕೊಂಡು ಹುಟ್ಟನ್ನು ಮರಳಿನಲ್ಲಿ ನೆಟ್ಟರು, ಅದರ ನೆರಳಿನ ತುದಿಯಿಂದ ಒಂದು ಗೇಣು ಅಳೆದು ಕಲ್ಲಿಟ್ಟರು. ಎಲ್ಲರೂ ನಾನು ಮತ್ತೆ ನೀರಿಗೆ ಹೋಗುವುದನ್ನು ಕಾಯುತ್ತ ಕೂತರು. ತಾಯಮ್ಮ ಬಂದು ನನ್ನ ಹಿಂದೆ ನಿಂತು ಅಂಗಿಯ ಚುಂಗು ಹಿಡಿದುಕೊಂಡಳು. ನನಗೆ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗಲ್ಲ.

"ಹೆದರಬ್ಯಾಡ್ರಿ," ಅಂದಳು ಸಾತವ್ವ, ನನ್ನನ್ನೇ ನೋಡುತ್ತ. "ಮತ್ತ ಹೋದ್ರ ಮತ್ತ ಎಳೀತೀನಿ."

ನೆರಳು ಕಲ್ಲನ್ನು ಮುಟ್ಟಿತು. ಕಲ್ಲನ್ನು ದಾಟಿತು. ನಾನು ಮೆಟ್ಟಿಲ ಮೇಲೆಯೇ ಇದ್ದೆ, ಒದ್ದೆಯಾಗಿ, ಸೀನುತ್ತ. ತಾಯಮ್ಮ ಅಂಗಿ ಬಿಟ್ಟು ನನ್ನ ತಲೆಗೊಂದು ಮೊಟಕಿದಳು. ಯಜಮಾನರು ತಲೆ ಕೆರೆದುಕೊಂಡು ನನ್ನ ಹೆಗಲು ನೋಡಿದರು, ಅವಳ ಹೆಗಲು ನೋಡಿದರು, ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ನಮ್ಮೂರಿನಲ್ಲಿ ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಬೇಕಾಗಿ ಬಂತು.

"ಅಲ್ರಪ್ಪಾ, ಯಾರು ಯಾರ್ನ ಉಳ್ಸಿದ್ದು?"

"ಅವ್ಳು. ನನ್ನ," ಅಂದೆ.

"ಎರಡೂ ಸಲ," ಅಂದಳು ಸಾತವ್ವ.

ಈ ಸಲ ಯಾರ ಕಣ್ಣಲ್ಲೂ ನೀರು ಬರಲಿಲ್ಲ, ನನ್ನನ್ನು ದೊಡ್ಡವನು ಎಂದೂ ಯಾರೂ ಅನ್ನಲಿಲ್ಲ. ಯಜಮಾನರು ಹೆಗಲ ವಲ್ಲಿ ಸರಿಮಾಡಿಕೊಂಡು, ಮರಳಿನಿಂದ ಹುಟ್ಟು ಕಿತ್ತು ಅವಳ ಕೈಗೆ ಕೊಟ್ಟರು. ಆಮೇಲೆ ಗಡಿಬಿಡಿಯಲ್ಲಿ ನಮ್ಮ ಮನೆಯಿಂದ ಎರಡು ಹಾರವನ್ನೂ ತರಿಸಿ ಅವಳ ಕೊರಳಿಗೆ ಹಾಕಿದರು. ಅಷ್ಟರಲ್ಲಿ ಬಿಸಿಲೇರಿತ್ತೆಂದು ವಲ್ಲಿಯನ್ನು ಹೆಗಲಿನಿಂದ ತೆಗೆದು ತಲೆಗೆ ಸುತ್ತಿಕೊಂಡಿದ್ದು ಅವರ ಗಮನಕ್ಕೆ ಬರಲಿಲ್ಲ. ನಾನು ಮನೆ ಸೇರಿ ಬಟ್ಟೆ ಬದಲಾಯಿಸುವಷ್ಟರಲ್ಲಿ ಎರಡೂ ಹಾರ ನಮ್ಮ ಗೂಟದಲ್ಲಿ ನೇತಾಡುತ್ತಿದ್ದವು.

ಅದನ್ನು ನೋಡಿ, ಹಾರಗಳನ್ನು ತೆಗೆದುಕೊಂಡು, ಬಾನಿಯಿಂದ ಅವಳ ವಲ್ಲಿಯನ್ನೂ ಹಿಂಡಿ ಕಂಕುಳಲ್ಲಿಟ್ಟುಕೊಂಡು ವಾಪಸ್ ಕಡವಿಗೆ ಹೋದೆ. ಸಾತವ್ವ ದೋಣಿಯ ನೀರು ಮೊಗೆದು ಹಾಕುತ್ತಿದ್ದಳು. ನನ್ನ ಹೆಗಲು ಬರಿದಾಗಿತ್ತು, ಅವಳದೂ ಬರಿದಾಗಿತ್ತು. ಹಾರ, ವಲ್ಲಿ ಎರಡನ್ನೂ ಅವಳ ಕೈಗಿಟ್ಟು, ಅವಳ ಮುಖ ನೋಡಿ, ತಪ್ಪಾಯ್ತು ಅಂದೆ. ಹೂ ಎಂದೋ ಒಣಗಿಹೋದವು, ಕಡವಿನ ಗುಡಿಸಲ ಬಾಗಿಲಿಗೆ ಹಾರದ ದಾರ ಇನ್ನೂ ಇದೆ. ಇದುವರೆಗೂ ವಾಪಸ್ ಬಂದಿಲ್ಲ.